ನಾನು ಕಂಡ ಕ್ಯೋಟೋದ ತೇರು

ತೇರೆಂದರೆ ನಮ್ಮ ಬಯಲುಸೀಮೆಯವರಿಗೆ ಹೊಸದಲ್ಲ. ಆದರೆ ತೇರನ್ನು ಹೇಗೆ ನೋಡಬೇಕೆಂಬುದನ್ನು ನಾನು ಕಲಿತದ್ದು ಜಪಾನಿನಲ್ಲಿ ಎಂದರೆ ವಾಚಕರು ನಕ್ಕಾರು. ನಡೆದ ಸಂಗತಿ ಇಷ್ಟು.

2024ರ ಜುಲೈ ತಿಂಗಳಲ್ಲಿ ವಿದ್ಯಾರ್ಥಿ ವಿನಿಮಯ ತಂಡವೊಂದರ ಜೊತೆ ಕ್ಯೋಟೋ ನಗರಕ್ಕೆ ಹೋಗುವ ಭಾಗ್ಯ ನನಗೆ ಒದಗಿತು. ಅದು ಗಿಯೋನ್ ಉತ್ಸವದ ಕಾಲ. 16ರ ಸಂಜೆ ತೇರುಬೀದಿಗಳನ್ನು ಕಾಲ್ನಡಿಗೆಯಲ್ಲಿ ತೋರಿಸಲು ವೃದ್ಧ ಮಾರ್ಗದರ್ಶಿಯೊಬ್ಬರು ಬಂದರು. ಕೈಯಲ್ಲೊಂದು ಬೀಸಣಿಗೆ, ಮಾತು ಬಲು ನಿಧಾನ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕದವಾದ್ದರಿಂದ ನಮಗೆ ಬೇಗನೆ ಸ್ನೇಹವಾಯಿತು.

869ರಲ್ಲಿ ಪಿಡುಗು ಹಬ್ಬಿದಾಗ ದೇಶದ ಪ್ರಾಂತಗಳ ಲೆಕ್ಕಕ್ಕೆ 66 ಈಟಿಗಳನ್ನು ನಿಲ್ಲಿಸಿ ಶಾಂತಿ ಮಾಡಿದರಂತೆ. ಅದೇ ಈ ಉತ್ಸವದ ಮೂಲ. ನನಗೆ ನಮ್ಮೂರ ಮಾರಿಹಬ್ಬದ ನೆನಪಾಯಿತು. ಈಗ 34 ತೇರುಗಳಿವೆ. 17ರಂದು 23, 24ರಂದು 11 ಹೊರಡುತ್ತವೆ. ದೇವರು ಇವುಗಳಲ್ಲಿ ಕೂರುವುದಿಲ್ಲ. ತೇರುಗಳು ಬೀದಿಯನ್ನು ಶುದ್ಧಿಮಾಡಿದ ಮೇಲೆ, ಸಂಜೆ ಯಸಾಕ ದೇವಾಲಯದಿಂದ ಪಲ್ಲಕ್ಕಿಗಳು ಹೊರಡುತ್ತವೆ.

ಸಾಲುಸಾಲು ಕಾಗದದ ದೀಪಗಳ ಬೆಳಕಿನಲ್ಲಿ ಕೊಳಲು, ಜಾಗಟೆ ಕೇಳುತ್ತ ನಡೆದೆವು. ದೊಡ್ಡ ತೇರುಗಳ ಎತ್ತರ ಸುಮಾರು 25 ಮೀಟರು. ಮೈತುಂಬ ಯೂರೋಪಿನ, ಪರ್ಷಿಯದ, ಭಾರತದ ಹಳೆಯ ಬಟ್ಟೆಗಳು. ನಮ್ಮ ದಖ್ಖನಿನಲ್ಲಿ ನೆಯ್ದ ರತ್ನಗಂಬಳಿಗಳೂ ಈ ಉತ್ಸವದ ತೇರುಗಳಿಗೆ ಸೇರಿವೆಯೆಂದು ಕೇಳಿ ಎದೆಯುಬ್ಬಿತು. ನಾವೆಲ್ಲ ಕತ್ತೆತ್ತಿ ನೋಡುತ್ತಿರಲು ಅಜ್ಜ ಬೀಸಣಿಗೆಯಿಂದ ನೆಲದ ಕಡೆ ತೋರಿಸಿ, “ಮೇಲಿರುವುದು ಸಿಂಗಾರ. ಕೆಳಗೆ ನೋಡಿ” ಎಂದರು. ಬಗ್ಗಿ ನೋಡಿದೆ. ಚೌಕಟ್ಟಿಗೆ ಒಂದು ಮೊಳೆಯೂ ಇಲ್ಲ. ಎಲ್ಲ ಹುಲ್ಲುಹಗ್ಗದ ಬಿಗಿತ. ಹಗ್ಗ ಕಟ್ಟುವವರು, ಬಡಗಿಗಳು, ಗಾಲಿಯವರು ಎಂದು ಮೂರು ಪಂಗಡವಂತೆ.

ಮರುದಿನ ಬೆಳಿಗ್ಗೆ ಕವಾರಮಾಚಿ ಮೂಲೆಯಲ್ಲಿ ನಿಂತೆವು. 12 ಟನ್ ತೂಗುವ ಆ ತೇರುಗಳ ಗಾಲಿ ಹೊರಳಲಾರದು. ಗಾಲಿಯವರು ಸೀಳಿದ ಬಿದಿರನ್ನು ಹಾಸಿ, ನೀರು ಹೊಯ್ದು, ಗಾಲಿಯನ್ನು ಅದರ ಮೇಲೇರಿಸಿದರು. ಹಗ್ಗದವರು ಒಮ್ಮೆಲೇ ಪಕ್ಕಕ್ಕೆಳೆದಾಗ ಇಡೀ ತೇರು ಜಾರಿ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ನಮ್ಮ ಅಜ್ಜ ಮಾತ್ರ ಗಾಲಿಯ ಬಳಿ ಬೆವರೊರೆಸುತ್ತಿದ್ದವರ ಕಡೆ ತಿರುಗಿ ತಲೆಬಾಗಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಮ್ಮೂರ ತೇರಿನಲ್ಲಿ ಗಾಲಿಗೆ ಸನ್ನೆ ಹಾಕುವವರು ನನ್ನ ತಂದೆ. ಗಾಲಿಯ ಹಿಂದೆ ಮರ ಕೊಟ್ಟು ಅಲುಗಿಸುವುದು, ದಾರಿ ತಪ್ಪಿದರೆ ಮುಂದೆ ತುಂಡಿಟ್ಟು ತಿದ್ದುವುದು ಅವರ ಕೆಲಸ. ಉಳಿದ ದಿನ ಕೂಲಿ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೊದಲ ವರ್ಷ ಗೆಳೆಯರನ್ನು ತೇರಿಗೆ ಕರೆದುಕೊಂಡು ಹೋಗಿದ್ದೆ. ಗಾಲಿಯಡಿ ಮಣ್ಣಾಗಿ ಕೂಗಾಡುತ್ತಿದ್ದವರನ್ನು ತೋರಿಸಿ ಒಬ್ಬ, “ಯಾರೋ ಅದು?” ಎಂದ. “ಯಾರೋ ಆಳು” ಎಂದುಬಿಟ್ಟಿದ್ದೆ. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ, ಇಂದಿಗೂ ತಿಳಿಯದು.

ಊರಿಗೆ ಬಂದ ಮೇಲೆ ಒಂದು ರಾತ್ರಿ ಆ ಬಿದಿರಿನ ವಿಷಯ ಹೇಳಿ, ಸನ್ನೆ ಹಾಕುವುದು ಹೇಗೆಂದು ಅಪ್ಪನನ್ನು ಕೇಳಿದೆ. ಅವರಿಗೆ ಆಶ್ಚರ್ಯ. ಆಮೇಲೆ ಹೇಳಿದರು: “ಗಾಲಿ ನೋಡ್ತಾ ಕೂತ್ರೆ ಕೈ ಹೋಗ್ತತೆ ಕಣಪ್ಪ. ಹಗ್ಗ ನೋಡ್ಬೇಕು. ಹಗ್ಗ ಬಿಗೀತು ಅಂದ್ರೆ ಗಾಲಿ ಉರುಳ್ತತೆ ಅಂತ.” ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಕೇಳದೆ ಉಳಿದ ಪಾಠ ಅದು.

ಈ ಸಲದ ತೇರಿಗೆ ಅದೇ ಗೆಳೆಯರನ್ನು ಮತ್ತೆ ಕರೆದೆ. ಕಳಸ ನೋಡುತ್ತಿದ್ದವರನ್ನು ಗಾಲಿಯ ಬಳಿಗೆ ಕರೆತಂದು ಹೇಳಿದೆ: “ಇವರು ನಮ್ಮ ತಂದೆ.”