ಬಾಣದ ಗರಿ

ಹಾರುವ ವಸ್ತುವೊಂದು ಕಣ್ಣಿಗೆ ಬಿದ್ದರೆ ನಾವು ಮೊದಲು ನೋಡುವುದು ಅದರ ರೆಕ್ಕೆಯನ್ನು. ಕವಿಗಳು ಕೊಂಡಾಡಿದುದೂ ರೆಕ್ಕೆಯನ್ನೇ. ಮಕ್ಕಳು ವಿಮಾನದ ಚಿತ್ರ ಬರೆಯುವಾಗ ದೊಡ್ಡದಾಗಿ ಎಳೆಯುವುದೂ ರೆಕ್ಕೆಯನ್ನೇ. ಬಾಲಕ್ಕಾದರೋ ನಮ್ಮ ಮಾತಿನಲ್ಲಿ ಮರ್ಯಾದೆ ಕಡಮೆ. ತುಂಟನಿಗೆ ‘ಬಾಲ ಬಿಚ್ಚಬೇಡ’ ಎಂದು ಗದರುತ್ತೇವೆ; ಯಾರದಾದರೂ ಹಿಂದೆ ಹಿಂದೆಯೇ ಸುತ್ತುವವನನ್ನು ‘ಅವರ ಬಾಲ’ ಎಂದು ಹಾಸ್ಯ ಮಾಡುತ್ತೇವೆ. ಇಂಥ ಬಾಲಕ್ಕೂ ಒಂದು ಘನತೆಯುಂಟೆಂಬುದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಭಾವನವರು.

ಭಾವನವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಜಿನಿಯರು. ಕಳೆದ ಬೇಸಗೆಯ ರಜೆಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಕಾರು ಬಯಲಿನಲ್ಲಿ ನಿಂತಿದ್ದಿತು. ಕಾರಿನ ಷೆಡ್ಡಿನೊಳಗೆ ವಿಮಾನವೊಂದು ಹುಟ್ಟುತ್ತಿದ್ದಿತು! ಆ ಸೀಮೆಯಲ್ಲಿ ಇದನ್ನು ಹುಚ್ಚೆಂದು ಯಾರೂ ನಗುವುದಿಲ್ಲ. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳ ಸಂಘವೊಂದು ಅದೇ ರಾಜ್ಯದ ಮಿಲ್ವಾಕಿ ನಗರದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರ ಮುಂದಾಳುತನದಲ್ಲಿ ಆರಂಭವಾಯಿತು. 1970ರಲ್ಲಿ ಅದರ ಜಾತ್ರೆ ಆಷ್‌ಕಾಷ್ ಎಂಬ ಊರಿಗೆ ಬಂದು ಅಲ್ಲಿಯೇ ನೆಲೆನಿಂತಿತು. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಪರೀಕ್ಷಕರು ಕಂಡು ಒಪ್ಪಬೇಕು, ಪರೀಕ್ಷೆಯ ಹಾರಾಟಗಳು ಮುಗಿಯುವ ತನಕ ಪ್ರಯಾಣಿಕರನ್ನು ಕೂರಿಸಿಕೊಳ್ಳಬಾರದು ಎಂಬುದು ಅಲ್ಲಿಯ ಕಟ್ಟಳೆ.

ಭಾವನವರು ಆರಿಸಿಕೊಂಡುದು ಕೆ.ಆರ್.-2 ಎಂಬ ಎರಡು ಆಸನಗಳ ಪುಟ್ಟ ವಿಮಾನ. ಕೆನ್ ರ್‍ಯಾಂಡ್ ಎಂಬವರು ರಚಿಸಿದ ಇದು 1974ರಲ್ಲಿ ಮೊದಲ ಬಾರಿಗೆ ಹಾರಿತು. ಮರದ ಚೌಕಟ್ಟು, ಅದರ ನಡುವೆ ನಮ್ಮ ಥರ್ಮೋಕೋಲಿನ ದಾಯಾದಿಯಾದ ಹಗುರ ಫೋಮ್, ಅದರ ಮೇಲೆ ಗಾಜಿನ ನೂಲಿನ ಬಟ್ಟೆ, ಬಟ್ಟೆಗೆ ಅಂಟು—ಇದೇ ಅದರ ಶರೀರ.

ನಾನಿದ್ದ ದಿನಗಳಲ್ಲಿ ಬಾಲದ ಕೆಲಸ ನಡೆದಿದ್ದಿತು. ವಿಮಾನದ ಅಡ್ಡಬಾಲದ ಹಿಂಬದಿಯಲ್ಲಿ, ಕೀಲುಗಳ ಮೇಲೆ ಮೇಲಕ್ಕೂ ಕೆಳಕ್ಕೂ ಆಡುವ ಹಲಗೆಯೊಂದಿದೆ. ಅದಕ್ಕೆ ಎಲಿವೇಟರ್ ಎಂದು ಹೆಸರು. ಮೂತಿಯನ್ನು ಏರಿಸುವುದೂ ಇಳಿಸುವುದೂ ಅದರ ಕೆಲಸ. ಅದರ ಫೋಮನ್ನು ಭಾವನವರು ಉಜ್ಜಿ ಉಜ್ಜಿ ರೂಪಕ್ಕೆ ತರುತ್ತಿದ್ದರು. ಆಯುಧ ಬಹಳ ಸರಳ: ಉದ್ದನೆಯ ನೇರ ಪಟ್ಟಿಗೆ ಅಂಟಿಸಿದ ಉಪ್ಪುಕಾಗದ. ಬರಿಗೈಯಲ್ಲಿ ಹಿಡಿದ ಕಾಗದ ಬೆರಳೊತ್ತಿದ ಕಡೆಯೆಲ್ಲ ತಗ್ಗು ಮಾಡುತ್ತದೆ. ಉದ್ದನೆಯ ಪಟ್ಟಿ ಉಬ್ಬನ್ನು ಮಾತ್ರ ತಿನ್ನುತ್ತದೆ, ತಗ್ಗಿನ ತಂಟೆಗೆ ಹೋಗುವುದಿಲ್ಲ. ಆಗಾಗ ಅವರು ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುವರು. ಕಣ್ಣು ಒಪ್ಪಿದುದನ್ನು ಅಂಗೈ ಎಷ್ಟೋ ವೇಳೆ ಒಪ್ಪುತ್ತಿರಲಿಲ್ಲ.

“ಒಂದು ತಗ್ಗು ಉಳಿದರೇನು ಭಾವ? ಪುಟ್ಟಿ ತುಂಬಿದರಾಯಿತು” ಎಂದೆ.

“ಪುಟ್ಟಿಗೂ ತೂಕವಿದೆಯಲ್ಲ, ಮೇಷ್ಟ್ರೇ!” ಎಂದು ನಕ್ಕರು.

ಆಮೇಲೆ ಅವರೇ ಬಿಡಿಸಿ ಹೇಳಿದರು. ವಿಮಾನವೆಂಬುದು ಒಂದು ತಕ್ಕಡಿಯಿದ್ದಂತೆ. ಬಾಲ ಭಾರಕೇಂದ್ರದಿಂದ ಬಹುದೂರದಲ್ಲಿರುವುದರಿಂದ ಅಲ್ಲಿ ಸೇರಿದ ಚೂರು ಭಾರವೂ ದೊಡ್ಡದಾಗಿ ತೂಗುತ್ತದೆ. ಎಲಿವೇಟರಿನ ಹಿಂದಂಚು ಭಾರವಾದರೆ ಇನ್ನೂ ಅಪಾಯ. ವೇಗ ಮಿತಿಮೀರಿದಾಗ ಅದು ಬಿರುಗಾಳಿಗೆ ಸಿಕ್ಕಿದ ಬಾವುಟದಂತೆ ಪಟಪಟನೆ ನಡುಗತೊಡಗಿ, ಕೆಲವೇ ಕ್ಷಣಗಳಲ್ಲಿ ಕಿತ್ತುಹೋಗಬಹುದು. ಅದಕ್ಕಾಗಿಯೇ ಕೀಲಿನ ಮುಂಬದಿಗೆ ಸೀಸದ ತುಂಡನ್ನಿಟ್ಟು ಸಮತೂಕ ಮಾಡುತ್ತಾರೆ. ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಸಾಮಾನ್ಯ ವಿಮಾನದಲ್ಲಿ ಅಡ್ಡಬಾಲವು ಬಹುಮಟ್ಟಿಗೆ ಮೇಲಕ್ಕೆ ಎತ್ತುವುದೇ ಇಲ್ಲ, ಕೆಳಕ್ಕೆ ಒತ್ತುತ್ತದೆ! ಮೂತಿ ನೆಲದತ್ತ ಬಾಗಲು ಹವಣಿಸುತ್ತಿರುತ್ತದೆ. ಬಾಲ ಹಿಂದಿನಿಂದ ಅದುಮಿ ಹಿಡಿದು ಅದನ್ನು ಸಮವಾಗಿರಿಸುತ್ತದೆ. ಹಾರಾಟ ನೆಟ್ಟಗಿರುವುದು ಈ ಅದುಮುವಿಕೆಯಿಂದ.

ಅಕ್ಕನಿಗೆ ಮಾತ್ರ ಇದಾವುದೂ ರುಚಿಸುತ್ತಿರಲಿಲ್ಲ. “ನೀನಾದರೂ ಹೇಳೋ. ಎರಡು ಮಕ್ಕಳ ತಂದೆ, ಆಟದ ಸಾಮಾನು ಕಟ್ಟಿಕೊಂಡು ಆಕಾಶಕ್ಕೆ ಹೋಗುತ್ತೇನೆನ್ನುತ್ತಾರಲ್ಲ!” ಎಂದು ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ನಾನೇನು ಹೇಳಲಿ? ಅವಳ ಭಯ ಸುಳ್ಳಾಗಿರಲಿಲ್ಲ. ಭಾವನವರ ಆಸೆಯೂ ಸುಳ್ಳಾಗಿರಲಿಲ್ಲ.

ನಾನು ಹೊರಡುವ ವಾರ ಎಲಿವೇಟರ್ ಮುಗಿಯಿತು. ಕನ್ನಡಿಯಂಥ ನುಣುಪು. ಅದನ್ನು ಅಡಿಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿದ ಭಾವನವರು ಮಾತನಾಡಲಿಲ್ಲ. ಬಟ್ಟೆ ಬೇಕಾದುದಕ್ಕಿಂತ ಹೆಚ್ಚು ಅಂಟನ್ನು ಕುಡಿದಿದ್ದಿತು, ಹಿಂದಂಚು ಭಾರವಾಗಿದ್ದಿತು. ಇನ್ನಷ್ಟು ಸೀಸವಿಟ್ಟು ಸರಿತೂಗಿಸಬಹುದಾಗಿತ್ತು. ಹೊರಗಿನ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅವರು ಗರಗಸ ತೆಗೆದುಕೊಂಡು ಎರಡು ತಿಂಗಳ ಸಂಜೆಗಳ ಆ ದುಡಿಮೆಯನ್ನು ನಡುವೆ ಕೊಯ್ದುಬಿಟ್ಟರು. ಬಾಗಿಲಲ್ಲಿ ನಿಂತು ನೋಡಿದ ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಇನ್ನೊಂದು ಮಾಡುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ?” ಎಂದು ಕೇಳಿದಳು. ಆ ವಿಮಾನದ ಬಗ್ಗೆ ಅವಳು ಅಳುಕಿಲ್ಲದೆ ಕೇಳಿದ ಮೊದಲ ಪ್ರಶ್ನೆ ಅದು.

ವಿಮಾನದ ಬಾಲಕ್ಕೆ ಫ್ರೆಂಚರು ಕೊಟ್ಟ ಹೆಸರು ಆಂಪನಾಜ್. ಬಾಣಕ್ಕೆ ಗರಿ ಕಟ್ಟುವುದೆಂಬ ಅರ್ಥದ ಮಾತಿನಿಂದ ಹುಟ್ಟಿದ ಶಬ್ದವದು. 1871ರಲ್ಲಿ ಪ್ಯಾರಿಸ್ಸಿನ ಅಲ್ಫೋನ್ಸ್ ಪೆನೋ ಎಂಬ ತರುಣ ರಬ್ಬರಿನ ಎಳೆಯಿಂದ ಓಡುವ ಪುಟ್ಟ ಮಾದರಿ ವಿಮಾನಕ್ಕೆ ಬಾಲ ಕಟ್ಟಿ, ಉದ್ಯಾನವೊಂದರಲ್ಲಿ ಅದನ್ನು ತೊನೆದಾಡದಂತೆ ಹಾರಿಸಿ ತೋರಿಸಿದನು. ನಮ್ಮಲ್ಲಿಯೂ ಬಾಣದ ಗರಿಯ ತುದಿಗೆ ‘ಪುಂಖ’ವೆಂಬ ಹೆಸರುಂಟು. ಒಂದರ ಬೆನ್ನಿಗೊಂದು ಎಡೆಬಿಡದೆ ಬರುವ ಬಾಣಗಳನ್ನು ಕಂಡೇ ‘ಪುಂಖಾನುಪುಂಖ’ವೆಂಬ ಮಾತು ಹುಟ್ಟಿತು. ಈಗ ನಾವು ಭಾಷಣಕಾರರ ವಾಗ್ಧಾರೆಗೆ ಆ ಮಾತನ್ನು ಬಳಸುತ್ತೇವೆ. ಒಳಗಿರುವ ಗರಿಯನ್ನು ನೆನೆಯುವವರಾರು? ಗರಿಯಿಲ್ಲದ ಬಾಣವೂ ಬಿಲ್ಲಿನಿಂದ ಹೊರಡುತ್ತದೆ. ಗುರಿಯ ದಾರಿಯನ್ನು ಮಾತ್ರ ಹಿಡಿಯಲಾರದು.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಎರಡನೆಯ ಎಲಿವೇಟರ್ ತೂಕಕ್ಕೆ ಸರಿಯಾಗಿ ಬಂದಿದೆಯಂತೆ. “ಅವರ ಮಾತು ನಂಬಲಿಲ್ಲ ಕಣೋ, ನಾನೇ ಎರಡು ಸಲ ತೂಗಿ ನೋಡಿದೆ” ಎಂದಳು.