ಅಪ್ಪನ ತಂಬುಳಿ ಪಾಠ

ಪಾರ್ಶ್ವವಾಯುವಿನ ನಂತರ ಅಪ್ಪನ ಕೈಕಾಲು ಬೇಗ ಸುಧಾರಿಸಿತು, ನೆನಪು ಸುಧಾರಿಸಲಿಲ್ಲ. ಅಡಿಕೆ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ನನ್ನನ್ನು ಅತ್ತೆಯ ಹೆಸರಿನಿಂದ ಕರೆಯತೊಡಗಿದರು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮದ್ದು: ಬ್ರಾಹ್ಮಿ.

ಯಾವ ಬ್ರಾಹ್ಮಿ? ನಮ್ಮ ಮಲೆನಾಡಿನಲ್ಲಿ ಕಾಲುವೆಯಂಚಿಗೆ ಹಬ್ಬುವ, ದುಂಡನೆ ಎಲೆಯ ಒಂದೆಲಗವೇ ಬ್ರಾಹ್ಮಿ. ಅಂಗಡಿಯವರು ಕೊಟ್ಟದ್ದು ನೀರುಬ್ರಾಹ್ಮಿ, ಪುಟ್ಟ ದಪ್ಪ ಎಲೆಯದು. ಎರಡೂ ಬೇರೆ ಬೇರೆ ಗಿಡ. ಎರಡಕ್ಕೂ ಬುದ್ಧಿ ಚುರುಕು ಮಾಡುವ ಹೆಸರಿದೆ. ಪಾರ್ಶ್ವವಾಯುವಿನ ಮರೆವು ವಾಸಿಮಾಡುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ.

ಅಪ್ಪ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದರ ಬಲ ಕುಗ್ಗಿಸುತ್ತದಂತೆ. "ಸೊಪ್ಪು ತಿನ್ನಿ, ಆದರೆ ಒಂದೇ ಅಳತೆಯಲ್ಲಿ. ಪುಡಿ, ಲೇಹ ನನ್ನನ್ನು ಕೇಳದೆ ಬೇಡ" ಎಂದರು ಡಾಕ್ಟರು. ತಮ್ಮ ಬೆಂಗಳೂರಿನಿಂದ ತಂದ ಗಿಂಕ್ಗೊ ಗುಳಿಗೆಯನ್ನಂತೂ ರಕ್ತಸ್ರಾವದ ಭಯಕ್ಕೆ ಬೇಡವೇ ಬೇಡ ಎಂದುಬಿಟ್ಟರು.

"ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಒಂದೆಲಗದ ರಸ ಕೊಡಿ" ಎಂದು ದೊಡ್ಡಪ್ಪ ಪಟ್ಟು ಹಿಡಿದರು. ಅಮ್ಮ ಮೆಲ್ಲಗೆ, "ಒಂದೆಲಗ ಊಟಕ್ಕಿರಲಿ ಭಾವ, ಮಾತ್ರೆ ಮಾತ್ರ ನಿಲ್ಲಿಸೋದಿಲ್ಲ" ಎಂದಳು. ಅಮ್ಮ ಭಾವನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈಗ ವಾರಕ್ಕೆರಡು ದಿನ ಒಂದು ಹಿಡಿ ಎಲೆಯ ತಂಬುಳಿ. ಏನೇನು ಹಾಕಬೇಕೆಂದು ಅಪ್ಪನೇ ಹೇಳಬೇಕು, ಅದೇ ಅವರಿಗೆ ಪಾಠ. ಮೊದಮೊದಲು ಮಜ್ಜಿಗೆ ಎಂದು ಸುಮ್ಮನಾಗುತ್ತಿದ್ದರು. ಮೊನ್ನೆ ತುಪ್ಪ, ಜೀರಿಗೆ, ಕಾಳುಮೆಣಸು, ಕಾಯಿತುರಿ ಎಲ್ಲ ಹೇಳಿದರು. ಉಪ್ಪು ಮಾತ್ರ ಬಿಟ್ಟಿದ್ದರು. ಊಟಕ್ಕೆ ಕೂತಾಗ ಗೊತ್ತಾಯಿತು, ಅಮ್ಮನೂ ಹಾಕಿರಲಿಲ್ಲ!