ಹತ್ತನೆಯ ಒಂದು

ನಮ್ಮ ಕಂಬಂ ಕಣಿವೆಯ ಕನ್ನಡದ ಮನೆಗಳಲ್ಲಿ ಮಕ್ಕಳು ಎಣಿಸೋದನ್ನ ಎರಡು ಸಲ ಕಲಿಯುತ್ತಾರೆ. ಮನೆಯಲ್ಲಿ ಒಂದು, ಎರಡು, ಮೂರು. ಶಾಲೆಯಲ್ಲಿ ಒನ್ನು, ರೆಂಡು, ಮೂನು. ಸಂಜೆ ಲೆಕ್ಕ ಹೇಳಿಸಿಕೊಳ್ಳಲು ನನ್ನ ಹತ್ತಿರ ಬರುವ ಮಕ್ಕಳೂ ಹಾಗೇ. ತಮಿಳಿನಲ್ಲಿ ಪಾಠ ಓದಿ, ಕನ್ನಡದಲ್ಲಿ ಬೆರಳು ಮಡಚುತ್ತಾರೆ.

ಒಂದು ಸಂಜೆ ಅವರಿಗೆ ಮಹಾವೀರಾಚಾರ್ಯರ ವಿಷಯ ಹೇಳಿದೆ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ಜೈನ ಪಂಡಿತರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿನ ಕೆಲವು ಗುಣಾಕಾರಗಳ ಉತ್ತರ ಕೊರಳ ಹಾರದಂತಿರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸಿ, 15151. 27994681ನ್ನು 441ರಿಂದ ಗುಣಿಸಿ, 12345654321. ಒಂದರಿಂದ ಆರರ ತನಕ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ. ಹೂ ಕಟ್ಟುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇದೇ ಹಾರ ಇನ್ನೊಂದು ದಾರಿಯಲ್ಲೂ ಸಿಗುತ್ತದೆ. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. 111111ನ್ನು ಅದರಿಂದಲೇ ಗುಣಿಸಿದರೆ ಆಚಾರ್ಯರ ಆ ಹಾರವೇ. ಗುಣಿಸುವಾಗ ಒಂದುಗಳ ಸಾಲನ್ನೇ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಕೆಳಕೆಳಗೆ ಬರೆಯುತ್ತೇವಲ್ಲ, ಕೂಡುವಾಗ ತುದಿಯ ಕಂಬಸಾಲಿನಲ್ಲಿ ಒಂದೇ ಒಂದು ಇರುತ್ತದೆ, ಅದರ ಪಕ್ಕ ಎರಡು, ನಟ್ಟನಡುವೆ ಆರು. ಆಚೆ ಮತ್ತೆ ಇಳಿತ.

“ಎಷ್ಟು ಒಂದು ಸೇರಿಸಿದ್ರೂ ಹಾರ ಹೀಗೇ ಬೆಳೀತಾ ಹೋಗುತ್ತೆ” ಎಂದುಬಿಟ್ಟೆ. ಆರರ ಆಚೆ ನಾನೇ ಮಾಡಿ ನೋಡಿರಲಿಲ್ಲ.

ಮಾರನೆಯ ಸಂಜೆ ಏಳನೇ ತರಗತಿಯ ಹುಡುಗಿಯೊಬ್ಬಳು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ನನ್ನ ಮುಂದೆ ಹರಡಿದಳು. “ಸಾರ್, ಒಂಬತ್ತರ ತನಕ ಸರಿಯಾಗಿ ಬಂತು. ಹತ್ತಕ್ಕೆ ಹಾರ ಹರಿದೋಯ್ತು.”

ಒಂಬತ್ತು ಒಂದುಗಳಿಗೆ 12345678987654321. ಹತ್ತಕ್ಕೆ ಅವಳು ಬರೆದದ್ದು 1234567900987654321.

“ಕೂಡೋದ್ರಲ್ಲಿ ತಪ್ಪಿರ್ಬೇಕು, ಇನ್ನೊಂದ್ಸಲ ನೋಡು” ಎಂದೆ. ಅವಳು ಮಾತಾಡದೆ ನಡುವಿನ ಕಂಬಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ಹತ್ತು ಒಂದುಗಳು. ಒಂದು ಸ್ಥಾನದಲ್ಲಿ ಹತ್ತು ಕೂರುವುದಿಲ್ಲ. ಸೊನ್ನೆ ಇಟ್ಟು ದಶಕವನ್ನು ಎಡಕ್ಕೆ ಒಯ್ಯಬೇಕು. ಎಡದಲ್ಲಿದ್ದ ಒಂಬತ್ತೂ ಹತ್ತಾಗಿ ಸೊನ್ನೆಯಾಯಿತು, ಅದರಾಚೆಯ ಎಂಟು ಒಂಬತ್ತಾಯಿತು. ಬಲಭಾಗ ಮಾತ್ರ ಇದ್ದಂತೆಯೇ ಉಳಿಯಿತು.

“ಯಾರು ಹೇಳಿಕೊಟ್ರು?” ಅಂದೆ.

“ಯಾರೂ ಇಲ್ಲ ಸಾರ್. ಅವ್ವನಿಗೆ ಗುಣಾಕಾರ ಬರಲ್ಲ. ಒಂದೊಂದು ಸಾಲ್ನಲ್ಲಿ ಎಷ್ಟು ಒಂದು ಇದಾವೆ ಅಂತ ಎಣಿಸಿ ಹೇಳಿದ್ಲು. ನಾನು ಬರ್ಕೊಂಡೆ.”

“ತಪ್ಪು ನಂದೇ ಕಣಮ್ಮ” ಎಂದು ಎಲ್ಲ ಮಕ್ಕಳ ಮುಂದೆ ಒಪ್ಪಿಕೊಂಡೆ. ಆ ಹಾಳೆ ಈಗ ನಮ್ಮ ವಾಚನಾಲಯದ ಗೋಡೆಯ ಮೇಲಿದೆ. ಅದರ ಕೆಳಗೆ ನನ್ನ ಕೈಯಾರೆ ಬರೆದಿದ್ದೇನೆ: ಒಂಬತ್ತರ ತನಕ ಮಾತ್ರ.